ಲಾಭ, ಎರಡು, ಮೂರು

ತಾಲೂಕು ಕಚೇರಿಯ ಗುಮಾಸ್ತ ತಿರುಮಲರಾಯರು ಶಪಥ ಮಾಡಿದರೆಂದರೆ ಹೊಸಪೇಟೆಯಲ್ಲಿ ಯಾರೂ ನಗುತ್ತಿರಲಿಲ್ಲ, ಅವರ ಮನೆಯವರನ್ನು ಬಿಟ್ಟು. ಆ ಸಂಜೆಯೂ ಹಾಗೇ ಆಯಿತು. ಪೇಟ ತೆಗೆದು ಗೂಟಕ್ಕೆ ಹಾಕಿ, ನಡುಮನೆಯ ತೂಗುಮಂಚದ ಮೇಲೆ ಕೂತು, ಎರಡೂ ಕೈಗಳನ್ನು ಮೊಣಕಾಲಿನ ಮೇಲೆ ಊರಿ, ಮದ್ರಾಸಿನ ಲಾಟಸಾಹೇಬರೇ ಎದುರಿಗೆ ಕೂತಿದ್ದಾರೇನೋ ಎಂಬ ಗತ್ತಿನಲ್ಲಿ ಘೋಷಿಸಿಬಿಟ್ಟರು.

"ಒಂದ ತಿಂಗಳು ಟೈಮ್ ಕೊಡ್ರಿ. ಒಂದು ತಿಂಗಳೊಳಗ ಈ ಹುಡುಗೀನ್ನ ಲೆಕ್ಕದಾಗ ಬಳ್ಳಾರಿ ಜಿಲ್ಲಾಕ್ಕ ಮೊದಲ್ನೇ ನಂಬರ್ ಮಾಡ್ಲಿಲ್ಲ ಅಂದ್ರ ನಾನು ತಿರುಮಲರಾಯನ ಅಲ್ಲ."

ಅಡಿಗೆಮನೆಯಿಂದ ಹೆಂಡತಿ ಸರಸ್ವತೀಬಾಯಿಯ ದನಿ ಬಂತು. "ಹಂಗಾದ್ರ ಯಾರು ಅಂತ ಈಗ್ಲೇ ಒಂದು ಹೆಸರು ಯೋಚನಿ ಮಾಡಿ ಇಟ್ಕೊಳ್ರಿ."

ಇಷ್ಟೆಲ್ಲ ಆರ್ಭಟಕ್ಕೆ ಕಾರಣವಾದ ಹುಡುಗಿ, ಅವರ ಮಗಳು ನೀರಜಾ, ಕಂಬಕ್ಕೆ ಒರಗಿ ನಿಂತಿದ್ದಳು. ಹೆಣ್ಣುಮಕ್ಕಳ ಶಾಲೆಯಲ್ಲಿ ಮೂರನೇ ಇಯತ್ತೆ. ಓದು ಅರಳು ಹುರಿದ ಹಾಗೆ, ಹಾಡು ಅದಕ್ಕಿಂತ ಚೆಂದ, ಹೊಲಿಗೆಯೂ ಪರವಾಗಿಲ್ಲ. ಆದರೆ ಲೆಕ್ಕ ಬಂತೆಂದರೆ ಮುಗಿಯಿತು. ಒಂಬತ್ತಕ್ಕೆ ನಾಲ್ಕು ಕೂಡಿಸು ಅಂದರೆ, ಕಣ್ಣು ಅಗಲಿಸಿಕೊಂಡು, "ಒಂಬತ್ತು ಏನರಿ?" ಎಂದು ಕೇಳುವವಳು. ಒಂಬತ್ತು ಎಂದರೆ ಬರೀ ಒಂಬತ್ತು, ಅದು ಏನೂ ಅಲ್ಲ ಎಂದು ಹಂಪಯ್ಯ ಮೇಷ್ಟರು ತಿಳಿಸಿ ಹೇಳಿ ಸುಸ್ತಾಗಿದ್ದರು. ಏನೂ ಅಲ್ಲದ್ದನ್ನು ಏನೂ ಅಲ್ಲದ್ದಕ್ಕೆ ಕೂಡಿಸುವುದು ಹೇಗೆಂದು ಅವಳಿಗೂ ಅರ್ಥವಾಗಿರಲಿಲ್ಲ. ತಿಂಗಳ ಕೊನೆಗೆ ಬಳ್ಳಾರಿಯಿಂದ ಇನ್‌ಸ್ಪೆಕ್ಟರ್ ಸಾಹೇಬರು ಪರೀಕ್ಷೆಗೆ ಬರುತ್ತಾರೆ, ಲೆಕ್ಕದಲ್ಲಿ ನಾಪಾಸಾದರೆ ನಾಲ್ಕನೇ ಇಯತ್ತೆಗೆ ಹಾಕಲಾಗುವುದಿಲ್ಲ ಎಂದು ಮೇಷ್ಟರು ಆ ದಿನ ಹೇಳಿಕಳಿಸಿದ್ದರು.

ಸುದ್ದಿ ಕೇಳಿದ್ದೇ ರಾಯರ ತಾಯಿ ಕೃಷ್ಣಾಬಾಯಿಯವರಿಗೆ ಆನೆಬಲ ಬಂದಂತಾಯಿತು. ಹೆಣ್ಣು ಹುಡುಗಿಗೆ ಇಷ್ಟು ಓದು ಸಾಕು, ಓಲೆ ಓದಲು ಬರುತ್ತದಲ್ಲ, ಇನ್ನು ಅಡಿಗೆ ಕಲಿಯಲಿ ಎಂದು ಅವರು ಹೋದ ವರ್ಷದಿಂದ ಹೇಳುತ್ತಲೇ ಇದ್ದರು. ಕಂಪ್ಲಿಯ ಕಡೆಯವರು ಯಾರೋ ಜಾತಕ ಬೇರೆ ಕೇಳಿದ್ದರು. ಈಗ ಅವರು ಒಂದೇ ಮಾತು ಆಡಿದರು: ಪಾಸಾದರೆ ಓದಲಿ, ನಾನು ಅಡ್ಡ ಬರುವುದಿಲ್ಲ. ನಾಪಾಸಾದರೆ ಮರುದಿನದಿಂದ ಶಾಲೆ ಬಂದ್. ಆ ಮನೆಯಲ್ಲಿ ಕೃಷ್ಣಾಬಾಯಿಯವರು ಆಡಿದ ಮಾತಿಗೆ ಅಪೀಲು ಇರಲಿಲ್ಲ. ನೀರಜಾ ಅಳಲಿಲ್ಲ, ಹಟ ಮಾಡಲಿಲ್ಲ. ತನ್ನ ಸ್ಲೇಟನ್ನು ತಂದು ಹಾಸಿಗೆಯ ಕೆಳಗೆ ಬಚ್ಚಿಟ್ಟು ಅದರ ಮೇಲೆ ಕೂತಳು. ರಾಯರ ಶಪಥ ಹೊರಬಿದ್ದದ್ದು ಅದನ್ನು ನೋಡಿಯೇ.

ರಾಯರ ಉಪಾಯ ಮಾತ್ರ ಅಚ್ಚುಕಟ್ಟಾಗಿತ್ತು. ಹುಡುಗಿ ಒಂಬತ್ತು ಏನು ಎಂದು ಕೇಳುತ್ತಾಳೆ, ಅಲ್ಲವೇ? ಸರಿ, ಒಂಬತ್ತು ಏನು ಎಂಬುದನ್ನು ಕಣ್ಣೆದುರೇ ತೋರಿಸಿದರಾಯಿತು. ಒಂಬತ್ತು ಸೇರು ಜೋಳ, ನಾಲ್ಕು ಪಾವು ಬೇಳೆ! ಇನ್ನು ಮೇಲೆ ಮನೆಯ ಸಂತೆ ಸಾಮಾನೆಲ್ಲ ನಾನೂ ನನ್ನ ಮಗಳೂ ತರುತ್ತೇವೆ, ಬಜಾರೇ ಶಾಲೆ, ತಕ್ಕಡಿಯೇ ಸ್ಲೇಟು ಎಂದು ಅವರು ಸಾರಿದರು. ಮದುವೆಯಾದಾಗಿನಿಂದ ಅಂಗಡಿಯ ಮುಖ ಕಂಡವರಲ್ಲ, ಬೆಲ್ಲ ಯಾವ ಅಂಗಡಿಯಲ್ಲಿ ಸಿಗುತ್ತದೆಂದಾದರೂ ಗೊತ್ತೇ ಎಂದು ಸರಸ್ವತೀಬಾಯಿ ವಿಚಾರಿಸಿದರು. ಕಚೇರಿಯಲ್ಲಿ ಇಡೀ ತಾಲೂಕಿನ ಕಂದಾಯ ನೋಡುವವನಿಗೆ ಬೆಲ್ಲ ಯಾವ ಲೆಕ್ಕ ಎಂದು ರಾಯರು ಮೀಸೆ ತಿರುವಿದರು.

ಮೊದಲ ಪಾಠ ಬಿದ್ದದ್ದು ಏಕಾದಶಿಯ ದಿನ. ಕೃಷ್ಣಾಬಾಯಿಯವರದು ನೀರೂ ಮುಟ್ಟದ ಉಪವಾಸ. ಮರುದಿನ ದ್ವಾದಶಿ, ಹೊತ್ತು ಮೂಡುತ್ತಲೇ ಪಾರಣೆಯಾಗಬೇಕು. ಮನೆಯಲ್ಲಿ ಅಕ್ಕಿಯ ಹರವಿ ತಳ ಕಂಡಿತ್ತು. ಅಗಸೆಸೊಪ್ಪು, ನೆಲ್ಲಿಕಾಯಿ, ಹೆಸರುಬೇಳೆ ಎಲ್ಲ ಇದೆ, ಅಕ್ಕಿಯೊಂದನ್ನು ಮರೆಯದೆ ತನ್ನಿ ಎಂದು ಸರಸ್ವತೀಬಾಯಿ ಮೂರು ಸಲ ಹೇಳಿ, ರಾಯರ ಮೇಲೆ ನಂಬಿಕೆ ಸಾಲದೆ ನೀರಜಾಳ ಕಿವಿಯಲ್ಲೂ ಒಂದು ಸಲ ಹೇಳಿ ಕಳಿಸಿದರು.

ಕೊಟ್ರಯ್ಯನ ಕಿರಾಣಿ ಅಂಗಡಿ ಬಜಾರಿನಲ್ಲಿ ಎಲ್ಲಕ್ಕಿಂತ ಹಳೆಯದು. ಕೊಟ್ರಯ್ಯ ಕಂಪ್ಲಿಯ ಸಣ್ಣಕ್ಕಿಯ ಮೂಟೆಯ ಬಾಯಿ ಬಿಚ್ಚಿ, ಸೇರನ್ನು ಒಳಗೆ ಮುಳುಗಿಸಿ ಗೋಪುರದ ಹಾಗೆ ಎತ್ತಿದ. ರಾಯರು ಮಗಳನ್ನು ಮುಂದೆ ತಳ್ಳಿ, ಈಗ ಕಿವಿಗೊಟ್ಟು ಎಣಿಸು ಎಂದರು. ಕೊಟ್ರಯ್ಯ ಅಕ್ಕಿಯನ್ನು ಚೀಲಕ್ಕೆ ಸುರಿಯುತ್ತ ರಾಗವಾಗಿ ಶುರುಮಾಡಿದ.

"ಲಾಭ... ಲಾಭ... ಲಾಭ... ಎರಡು, ಎರಡು, ಎರಡು..."

ನೀರಜಾ ತಂದೆಯ ಮುಖ ನೋಡಿದಳು. "ಅಪ್ಪಾ, ಒಂದು ಎಲ್ಲಿಗೆ ಹೋತು?"

ಆ ಸೀಮೆಯಲ್ಲಿ ಕಾಳುಕಡಿ ಅಳೆಯುವ ಯಾವನೂ ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾನೆ. ವ್ಯಾಪಾರ ಒಳ್ಳೆಯ ಮಾತಿನಿಂದ ಶುರುವಾಗಲಿ ಅಂತ. ಊರಿನ ಎಳೆಮಕ್ಕಳಿಗೂ ಗೊತ್ತಿದ್ದ ಈ ಸಂಗತಿ ಗೊತ್ತಿಲ್ಲದವರು ಹೊಸಪೇಟೆಯಲ್ಲಿ ಇಬ್ಬರೇ, ಅವರಿಬ್ಬರೂ ಆಗ ಕೊಟ್ರಯ್ಯನ ಎದುರಿಗೇ ನಿಂತಿದ್ದರು.

ರಾಯರು ಕೈ ಎತ್ತಿ ಅಳತೆ ನಿಲ್ಲಿಸಿದರು. ತಾವು ಬಂದಿರುವುದು ಬರೀ ಅಕ್ಕಿಗಲ್ಲ, ವಿದ್ಯೆಗೆ ಎಂದರು. ಲಾಭ ಎನ್ನುವುದು ಸಂಖ್ಯೆಯೇ ಅಲ್ಲ, ಲಾಭಕ್ಕೆ ಲಾಭ ಕೂಡಿಸಿದರೆ ಎಷ್ಟಾಯಿತು, ಲಾಭದಲ್ಲಿ ಲಾಭ ಕಳೆದರೆ ಏನು ಉಳಿಯಿತು, ಹೇಳು ನೋಡೋಣ ಎಂದು ಸವಾಲು ಹಾಕಿದರು. ಅಂಗಡಿಯ ಮುಂದೆ ನಾಲ್ಕು ಜನ ಸೇರಿದರು. ಜನ ಸೇರಿದ ಮೇಲೆ ರಾಯರಿಗೆ ಇನ್ನಷ್ಟು ಹುರುಪು ಬಂತು. ಮೊದಲಿಂದ ಅಳೆ, ಒಂದು ಎಂದು ಬಾಯಿಬಿಟ್ಟು ಹೇಳು, ಇಲ್ಲದಿದ್ದರೆ ನಿನ್ನ ಅಕ್ಕಿ ನನಗೆ ಬೇಡ ಎಂದುಬಿಟ್ಟರು.

ಕೊಟ್ರಯ್ಯ ಸಿಟ್ಟಾಗಲಿಲ್ಲ. "ರಾಯರ, ಕಚೇರ್ಯಾಗ ನೀವು ಹೆಂಗ ಬೇಕಾದ್ರೂ ಎಣಿಸ್ರಿ, ನಾ ಕೇಳಂಗಿಲ್ಲ. ಈ ಗಾದಿ ಮ್ಯಾಲ ಕುಂತು ನಮ್ಮಪ್ಪ ಒಂದು ಅಂದಿಲ್ಲ, ನಮ್ಮಜ್ಜ ಅಂದಿಲ್ಲ. ನಾ ಹೆಂಗ ಅನ್ನಲಿ?" ಎಂದು ಹೇಳಿ, ಚೀಲವನ್ನು ಬೋರಲು ಹಾಕಿ ಅಕ್ಕಿಯನ್ನೆಲ್ಲ ಮೂಟೆಗೆ ಸುರಿದುಕೊಂಡ.

ಊರಲ್ಲಿ ಇವನೊಬ್ಬನದೇ ಅಂಗಡಿಯೇ? ರಾಯರು ಮಗಳ ಕೈ ಹಿಡಿದು ಜಡೆಪ್ಪನ ಅಂಗಡಿಗೆ ನಡೆದರು. ಅಲ್ಲೂ ಲಾಭ. ಪಕ್ಕೀರಪ್ಪನ ಅಂಗಡಿಗೆ ಹೋಗುವಷ್ಟರಲ್ಲಿ ಸುದ್ದಿ ಅವರಿಗಿಂತ ಮುಂದೆ ಹೋಗಿ ಕೂತಿತ್ತು. ಪಕ್ಕೀರಪ್ಪ ಮೆತ್ತನೆಯ ಮನುಷ್ಯ. ಬ್ರಾಹ್ಮಣರನ್ನು ಬರಿಗೈಯಲ್ಲಿ ಕಳಿಸಲಾರದೆ, ಲಾಭವೂ ಬೇಡ ಒಂದೂ ಬೇಡ, ಮೊದಲ ಸೇರನ್ನು ಬಾಯಿ ಮುಚ್ಚಿಕೊಂಡು ಅಳೆಯುತ್ತೇನೆ ಎಂದು ರಾಜಿಗೆ ಬಂದ. ಬಾಯಿ ಮುಚ್ಚಿಕೊಂಡರೆ ಅದು ಸೊನ್ನೆಯಾಯಿತು, ನನ್ನ ಮಗಳಿಗೆ ಸೊನ್ನೆ ಮೊದಲೇ ಬರುತ್ತದೆ ಎಂದು ರಾಯರು ರಾಜಿಯನ್ನು ತಳ್ಳಿಹಾಕಿದರು. ಅತ್ತ ಎರ್ರಿಯಪ್ಪ, ಇವರು ತಿರುವಿನಲ್ಲಿ ಕಾಣಿಸಿಕೊಂಡದ್ದೇ ತಡ, ಹಾಡಹಗಲೇ ಅಂಗಡಿಯ ಹಲಗೆ ಹಾಕಿಕೊಂಡ. ನೀರಜಾಳ ಕಾಲು ನೋಯುತ್ತಿತ್ತು. ತಾನು ಕಲಿತ ಲೆಕ್ಕ ಎಷ್ಟೆಂದು ಅವಳಿಗೆ ತಿಳಿಯಲಿಲ್ಲ, ಆದರೆ ಅಮ್ಮ ಹೇಳಿದ ಅಕ್ಕಿ ಚೀಲದಲ್ಲಿಲ್ಲ ಎಂಬುದು ತಿಳಿದಿತ್ತು.

ಮನೆಗೆ ಬಂದಾಗ ಸರಸ್ವತೀಬಾಯಿ ಚೀಲ ಇಸಿದುಕೊಂಡು ಒಳಗೆ ಕೈಹಾಕಿ ನೋಡಿದರು. ಆಮೇಲೆ ಅದನ್ನು ಒಳಗಿದ್ದದ್ದು ಹೊರಗೆ ಮಾಡಿ ಕೊಡವಿದರು. ಒಂದು ಒಣಗಿದ ಬೇವಿನೆಲೆ ಬಿತ್ತು. ರಾಯರು ವಿದ್ಯೆಯ ಮಹತ್ವ, ವರ್ತಕರ ಅಜ್ಞಾನ, ಸಂಖ್ಯೆಗಳ ಪಾವಿತ್ರ್ಯ ಎಲ್ಲವನ್ನೂ ಸವಿಸ್ತಾರವಾಗಿ ತಿಳಿಸಿದರು.

ಆಕೆ ಎಲ್ಲ ಕೇಳಿ, "ನಾಳೆ ಮುಂಜಾನೆ ಅತ್ತಿಯವರ ಎಲಿಗೆ ಏನು ಬಡಸ್ಲಿ? ನೀವು ಹಟ ಹಿಡದೀರಲ್ಲ, ಆ ಒಂದನ್ನ ಬಡಸ್ಲೇನು?" ಎಂದರು.

ಪಕ್ಕದ ಮನೆಯಲ್ಲಿ ಕಡ ತರಬಹುದಿತ್ತು. ತರುವುದಿಲ್ಲವೆಂದು ಸರಸ್ವತೀಬಾಯಿ ಹಟ ಹಿಡಿದರು. ಶಪಥ ಮಾಡಿದವರೇ ತರಲಿ ಅಂತ. ಒಳಕೋಣೆಯಲ್ಲಿ ಒಣಗಿದ ಬಾಯಿಯಿಂದ ಜಪ ಮಾಡುತ್ತಿದ್ದ ಕೃಷ್ಣಾಬಾಯಿಯವರು ಮಧ್ಯೆ ಒಂದು ಸಲ, ಅಕ್ಕಿ ಬಂತೇನೇ ಎಂದು ಕೇಳಿದರು. ಆ ದನಿ ರಾಯರ ಎದೆಗೆ ನಾಟಿತು.

ಬೆಳ್ಳಿ ಮೂಡುವ ಹೊತ್ತಿಗೆ ರಾಯರು ಮಗಳನ್ನು ಎಬ್ಬಿಸಿಕೊಂಡು ಕೊಟ್ರಯ್ಯನ ಅಂಗಡಿಯ ಮುಂದೆ ನಿಂತಿದ್ದರು. ಒಬ್ಬರೇ ಹೋಗಲು ಧೈರ್ಯ ಸಾಲಲಿಲ್ಲ ಎಂದು ಸರಸ್ವತೀಬಾಯಿ ಇವತ್ತಿಗೂ ಹೇಳುತ್ತಾರೆ, ನಮಗೇಕೆ. ಕೊಟ್ರಯ್ಯ ಹಲಗೆ ತೆಗೆದು, ಕಸ ಹೊಡೆದು, ಊದಿನಕಡ್ಡಿ ಹಚ್ಚಿ ತಿರುಗಿ ನೋಡಿದರೆ ರಾಯರು. ಬೋಣಿಯ ಗಿರಾಕಿ, ಬೇಡವೆನ್ನುವ ಹಾಗಿಲ್ಲ. ನಿನ್ನೆಯದು ನಿನ್ನೆಗಾಯಿತು, ನನಗೇನೂ ಬೇಜಾರಿಲ್ಲ ಎಂದ. ಆದರೆ ಬೋಣಿಯ ಮೇಲೆ ನಿನ್ನೆಯ ತಕರಾರಿನ ನೆರಳು ಬೀಳಬಾರದಲ್ಲ. ಅದಕ್ಕೆ ಸೇರು ತುಂಬಿಕೊಂಡು, ಚೀಲದ ಮೇಲೆ ಹಿಡಿದು, ಸುರಿಯದೆ ಹಾಗೇ ನಿಂತ.

"ಮೊದಲ್ನೇ ಸೇರಿಗೆ ನೀವ ಅನ್ರಿ, ರಾಯರ."

ರಾಯರು ಆ ಕಡೆ ಈ ಕಡೆ ನೋಡಿದರು. ಹಂಪಿಯಿಂದ ಬಾಳೆಹಣ್ಣಿನ ಬುಟ್ಟಿ ಹೊತ್ತು ಬಂದ ಹೆಂಗಸರು ಆಗಲೇ ಎದುರಿಗೆ ಸಾಲಾಗಿ ಕೂತಿದ್ದರು. ಪೂರ್ವದ ಕಡೆ ಆಕಾಶ ಕೆಂಪಾಗುತ್ತಿತ್ತು, ಪಾರಣೆಯ ಹೊತ್ತು ಯಾರಿಗೂ ಕಾಯುವುದಿಲ್ಲ. ರಾಯರು ಮೀಸೆಯೊಳಗೇ ಏನೋ ಅಂದರು. ಕೊಟ್ರಯ್ಯ ಕಿವಿಗೆ ಕೈಯಿಟ್ಟುಕೊಂಡ. ಆಗ ರಾಯರು ಕಣ್ಣು ಮುಚ್ಚಿ, ಕಚೇರಿಯ ಜವಾನ ಕಕ್ಷಿದಾರರ ಹೆಸರು ಕೂಗುವ ಹಾಗೆ ಗಟ್ಟಿಯಾಗಿ ಕೂಗಿದರು: "ಲಾಭ!"

ಬಾಳೆಹಣ್ಣಿನ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಅಕ್ಕಿ ಚೀಲಕ್ಕೆ ಬಿತ್ತು. ಅಳತೆ ಮುಗಿದ ಮೇಲೆ ಕೊಟ್ರಯ್ಯ ಮೂಟೆಯಿಂದ ಇನ್ನೊಂದು ಬೊಗಸೆ ಎತ್ತಿ ಮೇಲೆ ಹಾಕಿದ. ಇದು ಯಾಕೆ ಎಂದು ನೀರಜಾ ಕೇಳಿದಳು. ಇದು ಕೊಸರು ತಾಯಿ, ಕೊಸರು ಬೀಳದೆ ವ್ಯಾಪಾರ ಪೂರ್ತಿಯಾಗುವುದಿಲ್ಲ ಎಂದು ಅವನು ತಿಳಿಸಿದ. ರಾಯರು ಆತುರಾತುರವಾಗಿ ಹೌದು ಹೌದೆಂದು ತಲೆಯಾಡಿಸಿದರು. ಅವರಿಗೆ ಮನೆ ಸೇರಿದರೆ ಸಾಕಾಗಿತ್ತು.

ಅಲ್ಲೇ ಎಡವಟ್ಟಾದದ್ದು. ಹುಡುಗಿಯ ದೃಷ್ಟಿಯಿಂದ ನೋಡಿ. ಒಂದು ಎಂಬುದಕ್ಕಾಗಿ ಇಡೀ ಬಜಾರಿನ ಜೊತೆ ಜಗಳವಾಡಿದ ಅಪ್ಪ, ಒಂದು ರಾತ್ರಿ ಯೋಚನೆ ಮಾಡಿ, ಬೆಳಗಾಗುತ್ತಲೇ ಬಂದು ತಾನೇ ಬಾಯಿತುಂಬ ಲಾಭ ಎಂದು ಒಪ್ಪಿಕೊಂಡಿದ್ದಾರೆ. ಅಂದಮೇಲೆ ಸರಿಯಾದ ಲೆಕ್ಕ ಲಾಭದಿಂದಲೇ ಶುರು, ಕೊಸರಿನಲ್ಲೇ ಮುಕ್ತಾಯ. ಅವಳಿಗೆ ಅದರಲ್ಲಿ ಯಾವ ಸಂಶಯವೂ ಉಳಿಯಲಿಲ್ಲ.

ಅಲ್ಲಿಂದ ಮುಂದೆ ವಿದ್ಯಾಭ್ಯಾಸ ಗಾಳಿಯ ಹಾಗೆ ಓಡಿತು. ಒಂಬತ್ತು ಎಂದರೆ ಈಗ ಒಂಬತ್ತು ಸೇರು ಜೋಳ, ಕಣ್ಣಿಗೆ ಕಾಣುತ್ತಿತ್ತು, ಕೈಗೆ ಸಿಗುತ್ತಿತ್ತು. ಕೂಡುವುದು, ಕಳೆಯುವುದು, ಗುಣಿಸುವುದು ಎಲ್ಲ ನಾಲಿಗೆಯ ತುದಿಗೆ ಬಂದವು. ಜೊತೆಗೆ ರಾಯರು ಕಲಿಸದೆ ಇದ್ದದ್ದೂ ಬಂತು. ಬೇಕಾದ ಸಾಮಾನಿನ ಕಡೆ ನೋಡಬಾರದು, ಬೇಡವಾದದ್ದರ ರೇಟು ಮೊದಲು ಕೇಳಬೇಕು. ಹೇಳಿದ ರೇಟಿಗೆ ತಕ್ಷಣ ಹೂಂ ಅನ್ನಬಾರದು, ಪಾಪ ಅನ್ನುವ ಹಾಗೆ ಮುಖ ಮಾಡಬೇಕು. ಒಪ್ಪದಿದ್ದರೆ ಬೇಡ ಬಿಡಿ ಎಂದು ಎದ್ದು, ಆತುರವಿಲ್ಲದೆ, ಹಿಂದೆ ತಿರುಗದೆ ನಡೆಯಬೇಕು. ಕರೆದೇ ಕರೆಯುತ್ತಾರೆ. ಇವೆಲ್ಲ ಬಾಳೆಹಣ್ಣಿನ ಬುಟ್ಟಿಗಳ ಎದುರು ಚೌಕಾಶಿ ಮಾಡುವ ಹೆಂಗಸರನ್ನು ನೋಡಿ ನೋಡಿ ಅವಳಿಗೆ ಬಂದ ವಿದ್ಯೆ. ಹಂಪಿಯ ಹೆಂಗಸರು, ಈ ಪುಟ್ಟ ಅವ್ವ ಬಂದಳೆಂದರೆ ರಾಯರ ಜೊತೆ ಮಾತೇ ಆಡುತ್ತಿರಲಿಲ್ಲ. ಅವಳ ಜೊತೆಗೇ ವ್ಯವಹಾರ.

ರಾಯರಿಗೆ ಸಂತೋಷಕ್ಕೆ ಪಾರವಿಲ್ಲ. ನಿಜ ಹೇಳಬೇಕೆಂದರೆ ಅವರಿಗೂ ಬಜಾರಿನ ಗಾಳಿ ಹೊಡೆದಿತ್ತು. ಪಾಯಸ ಬಡಿಸಿದ ಮೇಲೆ ತಟ್ಟೆ ಮುಂದೆ ಸರಿಸಿ ಕೊಸರು ಕೇಳುತ್ತಿದ್ದರು. ಒಮ್ಮೆ ಸಂಡೂರಿನ ನೆಂಟರ ಮುಂಜಿಗೆಂದು ತಹಶೀಲ್ದಾರರ ಹತ್ತಿರ ಎರಡು ದಿನ ರಜೆ ಕೇಳಿ, ಅವರು ಆಗಲಿ ಎಂದ ಮೇಲೆ, ಮೇಲೆ ಅರ್ಧ ದಿನ ಹಾಕಿಕೊಡಿ ಎಂದು ಬಾಯಿತಪ್ಪಿ ಅಂದುಬಿಟ್ಟಿದ್ದರು. ತಹಶೀಲ್ದಾರರು ಕನ್ನಡಕದ ಮೇಲಿಂದ ನೋಡಿದ ನೋಟಕ್ಕೆ ಆ ಎರಡು ದಿನವೂ ಹೋಯಿತು.

ಪರೀಕ್ಷೆಯ ದಿನ ಬಂತು. ಇನ್‌ಸ್ಪೆಕ್ಟರ್ ಸಾಹೇಬರು ಬೆಳಗಿನ ರೈಲಿಗೆ ಬಳ್ಳಾರಿಯಿಂದ ಇಳಿದರು. ಕರಿ ಕೋಟು, ಜರಿ ರುಮಾಲು, ನಕ್ಕು ಎಷ್ಟೋ ವರ್ಷವಾದಂತಿದ್ದ ಮುಖ. ಅವರು ಒಳಗೆ ಬಂದದ್ದೇ ಹಂಪಯ್ಯ ಮೇಷ್ಟರು ಒರೆಸಿದ ಕುರ್ಚಿಯನ್ನೇ ಮತ್ತೊಮ್ಮೆ ಒರೆಸಿದರು. ಮಕ್ಕಳ ಮನೆಯವರೆಲ್ಲ ಶಾಲೆಯ ಜಗುಲಿಯಲ್ಲಿ, ಕಿಟಕಿಯ ಹೊರಗೆ ನಿಂತಿದ್ದರು. ಅಲ್ಲಿ ರಾಯರು, ಅವರ ಪಕ್ಕದಲ್ಲೇ ಕೃಷ್ಣಾಬಾಯಿಯವರು. ಆಮೇಲೆ ಮಗ ಮಾತು ತಿರುಚುತ್ತಾನೆ, ನಾಪಾಸಾದದ್ದನ್ನು ನನ್ನ ಕಣ್ಣಾರೆ ನೋಡುತ್ತೇನೆ ಎಂದು ಬಿಸಿಲಿನಲ್ಲಿ ಕೋಲೂರಿಕೊಂಡು ಬಂದಿದ್ದರು.

ನೀರಜಾಳ ಸರದಿ. ಸಾಹೇಬರು ಮುಂದಿನ ಸಾಲಿನ ಹುಡುಗಿಯರನ್ನು ತೋರಿಸಿ ಎಣಿಸಲು ಹೇಳಿದರು. ನೀರಜಾ ಅಂಜದೆ ಹೋಗಿ ಮೊದಲು ಕೂತಿದ್ದ ದ್ಯಾಮಕ್ಕಳ ತಲೆಯ ಮೇಲೆ ಕೈಯಿಟ್ಟಳು.

"ಲಾಭ, ಎರಡು, ಮೂರು, ನಾಲ್ಕು..."

ಸಾಹೇಬರು ತಡೆದರು. ಒಂದು ಎಲ್ಲಿ ಎಂದು ಕೇಳಿದರು.

"ಒಂದು ಅನ್ನಬಾರ್ದರಿ, ಸಾಹೇಬ್ರ. ನಮ್ಮಪ್ಪಾರೂ ಮೊದಲು ಅಂತಿದ್ರು. ಆಮ್ಯಾಲ ಬುದ್ಧಿ ಬಂತು, ಬಿಟ್ಟುಬಿಟ್ರು."

ಕಿಟಕಿಯ ಹೊರಗೆ ನಾಲ್ಕಾರು ಜನ ರಾಯರ ಕಡೆ ತಿರುಗಿದರು. ರಾಯರು ಕಿಟಕಿಯ ಸರಳು ಗಟ್ಟಿಯಾಗಿ ಹಿಡಿದುಕೊಂಡು ಮಾಳಿಗೆಯ ಜಂತಿಯನ್ನು ನೋಡುತ್ತಿದ್ದರು. ಸಾಹೇಬರು ಹುಬ್ಬು ಗಂಟಿಕ್ಕಿಕೊಂಡು ಪುಸ್ತಕ ತೆರೆದು ಬಾಯಿಲೆಕ್ಕಕ್ಕೆ ಬಂದರು: ಆಣೆಗೆ ಆರು ಬಾಳೆಹಣ್ಣು, ನಾಲ್ಕು ಆಣೆಗೆ ಎಷ್ಟು?

ರಾಯರ ಜೀವ ತಣ್ಣಗಾಯಿತು. ಈ ಲೆಕ್ಕವನ್ನು ಅವಳು ನಿದ್ದೆಯಲ್ಲೂ ಹೇಳುತ್ತಾಳೆ. ಆದರೆ ನೀರಜಾ ತಕ್ಷಣ ಉತ್ತರ ಕೊಡಲಿಲ್ಲ. ಸಾಹೇಬರನ್ನು ಪಾಪ ಅನ್ನುವ ಹಾಗೆ ನೋಡಿದಳು. ಆ ಮುಖ ಕಂಡದ್ದೇ ರಾಯರಿಗೆ ಮುಂದಿನದೆಲ್ಲ ಹೊಳೆದುಬಿಟ್ಟಿತು.

"ಆರು ಭಾಳ ತುಟ್ಟಿ ಆತರಿ. ಹಂಪಿಯವ್ರು ಆಣೆಕ್ಕ ಎಂಟು ಕೊಡ್ತಾರ."

ಪುಸ್ತಕದಲ್ಲಿ ಆರು ಎಂದಿದೆ ಎಂದರು ಸಾಹೇಬರು.

"ಎಂಟು ಬ್ಯಾಡ, ಏಳರ ಮಾಡ್ರಿ."

ಆರೇ, ಹೆಚ್ಚಿಗೆ ಮಾತಾಡಬೇಡ, ಉತ್ತರ ಹೇಳು ಎಂದು ಸಾಹೇಬರು ಗದರಿದರು.

"ಹಂಗಾದ್ರ ಬ್ಯಾಡ ಬಿಡ್ರಿ," ಎಂದು ಮರ್ಯಾದೆಯಿಂದ ಕೈಮುಗಿದು ನೀರಜಾ ತನ್ನ ಜಾಗದ ಕಡೆ ಹೊರಟಳು. ಆತುರವಿಲ್ಲ, ಹಿಂದೆ ತಿರುಗುವುದೂ ಇಲ್ಲ. ಇನ್‌ಸ್ಪೆಕ್ಟರ್ ಆದರೇನು, ಅವರೂ ಅದೇ ಸೀಮೆಯಲ್ಲಿ ಹುಟ್ಟಿ, ಅದೇ ಬಜಾರುಗಳಲ್ಲಿ ಬೆಳೆದ ಮನುಷ್ಯ. ಗಿರಾಕಿ ಹೀಗೆ ಬೆನ್ನು ತಿರುಗಿಸಿ ಹೊರಟದ್ದನ್ನು ಕಂಡರೆ ಅಲ್ಲಿಯವರ ಮೈಯೊಳಗೆ ಏನೋ ಒಂದು ತಾನಾಗಿ ಎದ್ದುಬಿಡುತ್ತದೆ. ಅದಕ್ಕೆ ಕರಿ ಕೋಟು ಗೊತ್ತಿಲ್ಲ, ಮದ್ರಾಸ್ ಸರಕಾರ ಗೊತ್ತಿಲ್ಲ.

"ಏ ಹುಡುಗಿ, ನಿಲ್ಲು, ನಿಲ್ಲು. ಏಳು ಮಾಡ್ಕೋ, ಬಾ."

ಅಂದದ್ದು ತಾವೇ ಎಂದು ಸಾಹೇಬರಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ನೀರಜಾ ವಾಪಸು ಬಂದು ನಿಂತಿದ್ದಳು.

"ಇಪ್ಪತ್ತೆಂಟು ಆತರಿ. ಮ್ಯಾಲ ಎರಡು ಕೊಸರು. ಮೂವತ್ತು."

ಸಾಹೇಬರ ಮುಖ ಕೆಂಪೇರಿತು. ಉತ್ತರ ಇಪ್ಪತ್ತನಾಲ್ಕು, ಮೂವತ್ತು ಶುದ್ಧ ತಪ್ಪು, ಇವಳಿಗೆ ಲೆಕ್ಕ ಕಲಿಸಿದವರು ಯಾರು ಎಂದು ಗುಡುಗಿದರು. ಹಂಪಯ್ಯ ಮೇಷ್ಟರು ಒಂದು ಕ್ಷಣವೂ ತಡಮಾಡದೆ ಕಿಟಕಿಯ ಕಡೆ ಬೆರಳು ತೋರಿಸಿದರು. ರಾಯರು ಒಳಗೆ ಬಂದು ಕೈಜೋಡಿಸಿ ನಿಂತರು. ನಾಲ್ಕಾರಲೆ ಎಷ್ಟು ಎಂದು ಸಾಹೇಬರು ಕೇಳಿದರು.

"ಇಪ್ಪತ್ನಾಲ್ಕು, ಸಾಹೇಬ್ರ," ಎಂದರು ರಾಯರು. ಅಲ್ಲಿಗೆ ನಿಲ್ಲಿಸಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ತಿಂಗಳಿಡೀ ಬಿದ್ದ ಅಭ್ಯಾಸ, ಮೇಲೆ ಹೆದರಿಕೆ ಬೇರೆ. "ಕೊಸರು ತಮ್ಮ ಇಷ್ಟ."

"ಇಬ್ರೂ ನಾಪಾಸು," ಎಂದರು ಸಾಹೇಬರು.

ಆ ಮಾತಿಗೆ ಇಡೀ ಜಗುಲಿ ನಕ್ಕಿತು, ನೀರಜಾ ನಗಲಿಲ್ಲ. ತಾನು ಸರಿಯಾಗಿಯೇ ಹೇಳಿದ್ದೇನೆ ಎಂದು ಅವಳಿಗೆ ಗೊತ್ತಿತ್ತು, ನಾಳೆಯಿಂದ ಶಾಲೆ ಇಲ್ಲ ಎಂಬುದೂ ಗೊತ್ತಾಯಿತು. ಬೆಂಚಿನ ಮೇಲಿದ್ದ ಸ್ಲೇಟನ್ನು ತೆಗೆದುಕೊಂಡು ಎದೆಗೆ ಅವಚಿಕೊಂಡಳು. ರಾಯರಿಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು. ಮಗಳ ಓದಿಗೆ ತಾವೇ ಕೈಯಾರೆ ಕಲ್ಲು ಹಾಕಿದ್ದರು.

ಆಗ ಬಾಗಿಲಲ್ಲಿ ಕೋಲಿನ ಸದ್ದಾಯಿತು. ಕೃಷ್ಣಾಬಾಯಿಯವರು ಒಳಗೆ ಬಂದಿದ್ದರು. ಅವರಿಗೆ ಬೇಕಾದದ್ದು ಸಿಕ್ಕಿತ್ತು, ಮೊಮ್ಮಗಳನ್ನು ಕರೆದುಕೊಂಡು ಮನೆಗೆ ಹೋಗುವುದಷ್ಟೇ ಬಾಕಿ. ಆದರೆ ಅವರು ಬಜಾರಿಗೆ ಹೋಗದಿದ್ದರೂ, ಬಾಗಿಲಿಗೆ ಬಂದ ಬುಟ್ಟಿಯವರ ಜೊತೆ ಜನ್ಮವಿಡೀ ಹೊಸ್ತಿಲಲ್ಲಿ ಕೂತು ವ್ಯಾಪಾರ ಮಾಡಿದ ಹೆಂಗಸು. ಒಪ್ಪಿದ ರೇಟಿಗೆ ತಪ್ಪಿದವರನ್ನು ಅವರು ಯಾವತ್ತೂ ಸುಮ್ಮನೆ ಬಿಟ್ಟವರಲ್ಲ.

"ಯಾಕರಿ, ಏಳು ಅಂದೋರು ಯಾರು? ಆಕಿ ತನ್ನ ಪಾಡಿಗೆ ತಾ ಹೊಂಟಿದ್ಲು, ನೀವ ಕರದ್ರಿ. ಕರದು ಏಳು ಅಂದ ಮ್ಯಾಲ ಹೊಳ್ಳಿ ಆರಕ್ಕ ಹೋಗೋದು ಎಲ್ಲಿ ನ್ಯಾಯರಿ?"

ಸಾಹೇಬರು, ಅಮ್ಮಾ, ಇದು ಪರೀಕ್ಷೆ ಎಂದರು.

"ಪರೀಕ್ಷಿ ಅಂದ್ರ ಆಡಿದ ಮಾತಿಗೆ ತಪ್ಪಬಹುದೇನು? ನಾಲ್ಕೇಳಲೆ ಇಪ್ಪತ್ತೆಂಟು. ಹೌದೋ ಅಲ್ಲೋ?"

ಹೌದೆಂದು ಸಾಹೇಬರು ಒಪ್ಪಲೇಬೇಕಾಯಿತು. ಆದರೆ ಎರಡು ಹೆಚ್ಚಿಗೆ ಹೇಳಿದ್ದಾಳಲ್ಲ ಎಂದು ಹಿಡಿದರು. ನಾಲ್ಕು ಆಣೆಯ ಹಣ್ಣು ತೆಗೆದುಕೊಂಡವರಿಗೆ ಎರಡು ಹಣ್ಣು ಮೇಲೆ ಹಾಕುವುದಿಲ್ಲವೇ, ನಿಮ್ಮ ಮನೆಯ ಹೆಂಗಸರು ಕೊಸರಿಲ್ಲದೆ ಏನಾದರೂ ತಂದದ್ದನ್ನು ನೋಡಿದ್ದೀರಾ, ಇದೇ ಮಾತನ್ನು ನಿಮ್ಮ ಮನೆಯಲ್ಲಿ ಹೋಗಿ ಹೇಳಿ ನೋಡೋಣ ಎಂದು ಕೃಷ್ಣಾಬಾಯಿಯವರು ಕೋಲು ನೆಲಕ್ಕೂರಿ ಕೇಳಿದರು. ಸಾಹೇಬರು ತಮ್ಮ ಮನೆಯನ್ನು ನೆನೆಸಿಕೊಂಡಿರಬೇಕು. ಮುಖ ಸಡಿಲಾಯಿತು, ಮೀಸೆಯ ಕೆಳಗೆ ಏನೋ ಅಲುಗಾಡಿತು. ನೀರಜಾಳನ್ನು ಹತ್ತಿರ ಕರೆದು, ಕೊಸರು ಬಿಟ್ಟು ಹೇಳಬೇಕು ಎಂದು ಷರತ್ತು ಹಾಕಿ, ಒಂದರ ಹಿಂದೊಂದು ಲೆಕ್ಕ ಕೇಳಿದರು. ಎಂಟೊಂಬತ್ತಲೆ, ನೂರರಲ್ಲಿ ಮೂವತ್ತೇಳು ಕಳೆದರೆ, ಅರವತ್ತು ಸೇರು ಜೋಳ ಐದು ಮನೆಗೆ ಹಂಚಿದರೆ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂತು. ಇನ್ನೂ ಕೇಳಿದ್ದರೆ ಇನ್ನೂ ಬರುತ್ತಿತ್ತು. ಸಾಹೇಬರೇ ಸೋತು ಪುಸ್ತಕ ಮುಚ್ಚಿ ಪಾಸು ಎಂದರು. ರಾಯರ ವಿಷಯದಲ್ಲಿ ಮಾತ್ರ ತಮ್ಮ ತೀರ್ಪು ಬದಲಾಗುವುದಿಲ್ಲ ಎಂದೂ ಸೇರಿಸಿದರು.

ಮನೆಗೆ ಮರಳುವಾಗ ನೀರಜಾ ಸ್ಲೇಟು ಕುಣಿಸುತ್ತ ಮುಂದೆ ಓಡುತ್ತಿದ್ದಳು. ಹಿಂದೆ ಕೋಲೂರುತ್ತ ಕೃಷ್ಣಾಬಾಯಿಯವರು, ಅವರ ಹಿಂದೆ ರಾಯರು. ರಾಯರ ಎದೆ ಆಗಲೇ ಮತ್ತೆ ಉಬ್ಬಿತ್ತು. ನೋಡಿದೆಯಾ ಅಮ್ಮ, ಎಲ್ಲ ನನ್ನ ಪದ್ಧತಿಯ ಮಹಿಮೆ, ಇನ್ನು ಊರಿನ ಮಕ್ಕಳಿಗೆಲ್ಲ ಇದೇ ರೀತಿ ಕಲಿಸಬೇಕು ಅಂತಿದ್ದೇನೆ ಎಂದು ಶುರುಮಾಡಿದರು. ಕೃಷ್ಣಾಬಾಯಿಯವರು ಆ ಮಾತನ್ನು ಅಲ್ಲೇ ತುಂಡು ಮಾಡಿದರು. ಕಂಪ್ಲಿಯವರಿಗೆ ಜಾತಕ ಕೊಡುವುದಿಲ್ಲವೆಂದು ತಿಳಿಸಿಬಿಡು, ಹುಡುಗಿ ಎಷ್ಟು ಓದುತ್ತಾಳೋ ಓದಲಿ, ಬಳ್ಳಾರಿಗೆ ಹೋಗಿಯಾದರೂ ಓದಲಿ ಎಂದರು.

ರಾಯರಿಗೆ ಖುಷಿಯ ಜೊತೆಗೆ ಒಂದು ಅನುಮಾನ ಕೊರೆಯುತ್ತಿತ್ತು. ಅಮ್ಮ ಶಾಲೆಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಸ್ವಲ್ಪ ದೂರ ನಡೆದ ಮೇಲೆ ತಡೆಯಲಾರದೆ ಕೇಳಿಯೇಬಿಟ್ಟರು.

"ಅಮ್ಮ, ನಾಲ್ಕೇಳಲೆ ಇಪ್ಪತ್ತೆಂಟು ಅಂತ ನಿನಗ ಹೆಂಗ ಗೊತ್ತು?"

ಕೃಷ್ಣಾಬಾಯಿಯವರು ನಿಂತು, ಸೆರಗಿನಿಂದ ಮುಖದ ಬೆವರು ಒರೆಸಿಕೊಂಡರು.

"ನೀನು ಸಣ್ಣಾಂವ ಇದ್ದಾಗ ಪಡಸಾಲ್ಯಾಗ ಕುಂತು ಮಗ್ಗಿ ಒದರ್ತಿದ್ದಿ. ಒಂದ ಮಗ್ಗಿ ಕಲ್ಯಾಕ ನಿನಗ ಎಷ್ಟ ದಿನ ಹಿಡೀತು ಅಂದ್ರ, ಒಲಿ ಮುಂದ ಕುಂತ ನನಗ ಅಷ್ಟೂ ಬಾಯಿಪಾಠ ಆತು, ನಿನಗ ಆಗ್ಲಿಲ್ಲ. ಆವತ್ತ ನಿನ್ನ ಶಾಲಿ ಬಿಡ್ಸಿ ನಾನ ಹೋಗಬೇಕಾಗಿತ್ತು ನೋಡು, ತಿರುಮಲ."